ಹತ್ತು ಸಹಿ, ಹತ್ತು ಸುಣ್ಣದ ಸುತ್ತು

ಎಲ್ಲ ಎಡವಟ್ಟಿಗೂ ಮೂಲ ಐವತ್ತು ಮಿರ್ಚಿ.

ಅದನ್ನು ತರಿಸು ಅಂತ ಹೇಳಿಕೊಟ್ಟವಳು ರಾಮಾಂಜಿನಿಯ ಅವ್ವ. "ಹಸದ ಮಂದಿ ನ್ಯಾಯ ಮಾತಾಡ್ತಾರ, ಉಂಡ ಮಂದಿ ಸಹಿ ಮಾಡ್ತಾರ. ಒಂದು ಬುಟ್ಟಿ ಮಂಡಕ್ಕಿ ಒಗ್ಗರಣಿ, ಐವತ್ತು ಮಿರ್ಚಿ ಮುಂದಿಡು. ಆಮ್ಯಾಲೆ ಪೆನ್ನು ಕೊಡು," ಅಂದಿದ್ದಳು. ಅವ್ವನ ಮಾತು ಸುಳ್ಳಾಗಲಿಲ್ಲ. ಆದರೆ ಮಿರ್ಚಿ ತಿನ್ನಬೇಕಾದರೆ ಬಾಯಿ ಬಿಚ್ಚಬೇಕು ಅನ್ನೋದನ್ನ ತಾಯಿ ಮಗ ಇಬ್ಬರೂ ಮರೆತಿದ್ದರು.

ರಾಮಾಂಜಿನಿಗೆ ಸಂಡೂರಿನ ಬಸ್ ಸ್ಟ್ಯಾಂಡ್ ಹತ್ತಿರ ಪಂಕ್ಚರ್ ಅಂಗಡಿ. ಓದು ಒಂಬತ್ತನೇ ಕ್ಲಾಸಿನಲ್ಲಿ ಕೈಕೊಟ್ಟಿತ್ತು, ಫುಟ್‌ಬಾಲ್ ಕೊಟ್ಟಿರಲಿಲ್ಲ. ದಿನಾ ಸಂಜೆ ಅದಿರು ಲಾರಿಗಳ ಟೈರು ಬದಿಗೆ ಉರುಳಿಸಿ, ಓಣಿಯ ಹತ್ತು ಮಕ್ಕಳನ್ನು ಮೈದಾನಕ್ಕೆ ಕರಕೊಂಡು ಹೋಗಿ ಆಟ ಕಲಿಸುತ್ತಿದ್ದ. ಅವನನ್ನು ಕೋಚ್ ಅಂತ ಯಾರೂ ನೇಮಿಸಿರಲಿಲ್ಲ. ಕೊರಳಲ್ಲಿ ಒಂದು ಸೀಟಿ ಇತ್ತು, ಅದೇ ಆರ್ಡರ್ ಕಾಪಿ.

ಆಮೇಲೆ ಕೊರೊನಾ ಬಂತು. ಅದರ ಹಿಂದೆಯೇ ಮೈದಾನಕ್ಕೆ ತರಕಾರಿ ಮಾರ್ಕೆಟ್ ಬಂತು. ಗೋಲ್ ಕಂಬಗಳ ನಡುವೆ ಉಳ್ಳಾಗಡ್ಡಿ ರಾಶಿ ಬಿತ್ತು. ಹದಿನಾರು ತಿಂಗಳು ಮಕ್ಕಳು ಮೊಬೈಲ್ ಹಿಡಿದು ಮೂಲೆಯಲ್ಲಿ ಕೂತು, ಬಳ್ಳಿಯಲ್ಲೇ ಮರೆತುಬಿಟ್ಟ ಕುಂಬಳಕಾಯಿಯಂತೆ ಊದಿಕೊಂಡರು.

ಎರಡನೇ ಅಲೆ ಇಳಿದ ಮೇಲೆ ರಾಮಾಂಜಿನಿ ಪುರಸಭೆಗೆ ಅಲೆದೂ ಅಲೆದೂ ಒಂದು ಕಾಗದ ಗಿಟ್ಟಿಸಿದ. ಹತ್ತು ಮಕ್ಕಳ ಮನೆಯವರು ಒಪ್ಪಿಗೆ ಸಹಿ ಹಾಕಿ ಶುಕ್ರವಾರ ಸಂಜೆ ಐದರೊಳಗೆ ಮುಟ್ಟಿಸಿದರೆ ಮೈದಾನ ಮಕ್ಕಳಿಗೆ, ಇಲ್ಲದಿದ್ದರೆ ಉಳ್ಳಾಗಡ್ಡಿಗೇ ಖಾಯಂ. ಕಾಗದದ ಕೊನೆಗೆ 'ಹೊಣೆಗಾರರು' ಅಂತ ಒಂದು ಗೆರೆ. ಅಲ್ಲಿ ತನ್ನ ಹೆಸರನ್ನು ಎರಡೆರಡು ಸಲ ತಿದ್ದಿ ದಪ್ಪಗೆ ಬರೆದ. ಒಂಬತ್ತನೇ ಕ್ಲಾಸಿನಲ್ಲಿ ಫೇಲಾದವರ ಪಟ್ಟಿ ಬಿಟ್ಟರೆ ಇನ್ಯಾವ ಕಾಗದದ ಮೇಲೂ ಅವನ ಹೆಸರು ಬಂದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಾರ್ಕೆಟ್ ಕರಗುತ್ತಿದ್ದಂತೆ ಕೊಳೆತ ಟೊಮೆಟೊ, ಕೋಸಿನ ಎಲೆ ಎಲ್ಲ ತಾನೇ ಗುಡಿಸಿದ. ಆರಾರು ಅಡಿ ಅಳತೆ ಮಾಡಿ ಸುಣ್ಣದ ಪುಡಿಯಲ್ಲಿ ಹತ್ತು ದುಂಡನೆಯ ಸುತ್ತು ಹಾಕಿದ. ಹತ್ತು ಮನೆಯವರು ಹತ್ತು ಸುತ್ತಿನಲ್ಲಿ ಕೂರಲಿ, ಗಾಳಿಗೆ ಗಾಳಿ, ದೂರಕ್ಕೆ ದೂರ ಅಂತ ಅವನ ಲೆಕ್ಕ.

ಹನ್ನೊಂದಕ್ಕೆ ಬಂದ ಕಿರಾಣಿ ಅಂಗಡಿ ಕೊಟ್ರಯ್ಯ ಆ ಸುತ್ತುಗಳನ್ನು ನೋಡಿ, ಯಾರೋ ಮಾಟ ಮಾಡಿಸಿಟ್ಟಿದ್ದಾರೇನೋ ಅನ್ನುವಂತೆ ಹಿಂದೆ ಸರಿದರು. ಪಾಲಕರಿಗೆಲ್ಲ ಇವರೇ ಹಿರಿಯರು, ಗೋಲ್‌ಕೀಪರ್ ಈಶ್ವರನ ಅಪ್ಪ.

"ಏನಪಾ ರಾಮಾಂಜಿನಿ, ಬಯಲಾಗ ಕುಂದ್ರು ಅಂತೀಯಲ್ಲ, ಬುದ್ಧಿ ಐತೇನು? ಬಯಲಾಗ ಗಾಳಿ ಬೀಸ್ತೈತಿ. ರೋಗ ಬರೋದಾ ಗಾಳ್ಯಾಗ. ನಮ್ಮ ಗೋಡೌನ್ ಐತಿ ನಡೀರಿ, ಕಿಡಿಕಿ ಬಾಗ್ಲ ಹಾಕ್ಕೊಂಡು ಸೇಫಾಗಿ ಮಾತಾಡಾಮು."

"ಅಲ್ರೀ ಕೊಟ್ರಯ್ಯನೋರ, ಬಾಗ್ಲ ಹಾಕಿದ್ರಾ ತ್ರಾಸು ಅಂತ ಡಾಕ್ಟ್ರು..."

"ಡಾಕ್ಟ್ರಿಗೆ ಗೋಡೌನ್ ಐತೇನು?"

ರಾಮಾಂಜಿನಿ ಅವರ ಹಿಂದೆ ಹೊರಟ. ಸಹಿ ಬೇಕಾದವನು ಎಮ್ಮೆ ಹೇಳಿದ ದಾರಿಯಲ್ಲೂ ನಡೀಬೇಕು. ಅಕ್ಕಿ ಮೂಟೆಗಳ ನಡುವೆ ಒಂಬತ್ತು ಮನೆಯವರೂ ತೂರಿಕೊಂಡು ಕೂತರು. ಬಾಗಿಲು ಬಿತ್ತು. ಕಿಟಕಿ ಬಿತ್ತು. ಒಂದು ಸಣ್ಣ ಸಂದು ಉಳಿದಿತ್ತು, ಅದಕ್ಕೂ ಕೊಟ್ರಯ್ಯನವರು ಗೋಣಿಚೀಲ ತುರುಕಿದರು.

ಹತ್ತನೆಯವಳು ಒಳಗೆ ಬರಲಿಲ್ಲ. ಆಕೆ ದುರುಗವ್ವ, ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಒದೆಯುವ ಗಾಯತ್ರಿಯ ಅಜ್ಜಿ. ಮೂಗಿನ ಮೇಲೆ ಎರಡು ಮಾಸ್ಕು, ಅದರ ಮೇಲೆ ಸೆರಗು, ಕೈಯಲ್ಲಿ ಆರಡಿ ಬಿದಿರು ಗಳ. ಕೊರೊನಾ ಬಂದ ದಿನದಿಂದ ಆ ಗಳದ ಅಳತೆಯೊಳಗೆ ಬಂದ ಯಾವ ಹೊಟ್ಟೆಯೂ ತಿವಿಸಿಕೊಳ್ಳದೆ ವಾಪಸು ಹೋಗಿರಲಿಲ್ಲ. ರಾಮಾಂಜಿನಿ ಕರೆಯಲು ಹೋದಾಗ ಗಳದ ತುದಿ ಸೀದಾ ಅವನ ಗದ್ದಕ್ಕೆ ಬಂತು. ಅವನ ಮಾಸ್ಕ್ ಇದ್ದದ್ದೂ ಅಲ್ಲೇ.

"ಗದ್ದಕ್ಕೇನು ಹಲ್ಲು ನೋವೇನಲೇ? ಮ್ಯಾಲೇರ್ಸು ಅದನ್ನ!"

"ಅಜ್ಜೀ, ಮಾಸ್ಕ್ ಏರ್ಸಿದ್ರ ಸೀಟಿ ಊದಾಕ ಬರಂಗಿಲ್ಲ. ನಾನು ಕೋಚು."

"ತನ್ನ ಮೂತಿ ತಾನು ಕಾಯ್ಕೊಳ್ದಾವ ನನ್ನ ಮೊಮ್ಮಗಳನ್ನ ಕಾಯ್ತಾನಂತ. ನಾನು ಸಹಿ ಮಾಡಂಗಿಲ್ಲ ಹೋಗು!" ಅಂದು ದುರುಗವ್ವ ಬೇವಿನ ಮರದ ಕೆಳಗೆ ಕೂತುಬಿಟ್ಟಳು.

ಒಳಗೆ ಸಭೆ ಕಾವೇರಿತು, ಮಧ್ಯಾಹ್ನ ಎರಡಾದರೂ ಇಳಿಯಲಿಲ್ಲ. ಶುರು ಮಾಡಿದವಳು ಲಕ್ಷ್ಮೀ. ಮೊಬೈಲಿಗೆ ಬಂದದ್ದನ್ನೆಲ್ಲ ಊರಿಗೆ ಹಂಚದಿದ್ದರೆ ಈಕೆಗೆ ಊಟ ಇಳಿಯುತ್ತಿರಲಿಲ್ಲ. "ಚೆಂಡಿನ ಮ್ಯಾಲೆ ರೋಗ ಹದಿನೇಳು ದಿನ ಬದುಕ್ತೈತಂತ ಬಂದೈತಿ ನೋಡ್ರಿ. ಹತ್ತು ಹುಡ್ರಿಗೆ ಹತ್ತು ಚೆಂಡು ಕೊಡು ರಾಮಾಂಜಿನಿ. ಅವರವರ ಚೆಂಡು ಅವರವರು ಆಡ್ಕೊಳ್ಳಿ."

"ಯಕ್ಕಾ, ಒಂದಾ ಚೆಂಡು ಇದ್ರ ಅದು ಆಟ. ಹತ್ತಿದ್ರ ಅಂಗಡಿ."

"ನಮ್ ಈಶ್ವರ ಚೆಂಡು ಕೈಲೆ ಮುಟ್ಟಂಗಿಲ್ಲ. ಈಗ್ಲೇ ಬರ್ಕೋ," ಅಂದರು ಕೊಟ್ರಯ್ಯ.

"ಅವ ಗೋಲ್‌ಕೀಪರ್ ರೀ!"

"ಆದ್ರೇನಾತು? ದೂರ ನಿಂತು ನೋಡ್ಲಿ. ಕೀಪರ್ ಅಂದ್ರ ಕಾಯೋನು. ನಮ್ಮ ಗೋಡೌನ್ ಕಾಯಾವ ಮೂಟಿ ಮುಟ್ತಾನೇನು?"

ಟಿಪ್ಪರ್ ಡ್ರೈವರ್ ಹನುಮೇಶ ಎದ್ದು ನಿಂತ. "ನಂದೊಂದು ಕಂಡೀಶನ್. ಒಬ್ಬನ ಹತ್ರ ಚೆಂಡು ಇದ್ದಾಗ ಇನ್ನೊಬ್ಬ ಮೈಮ್ಯಾಲೆ ಹೋಗಿ ಕಸ್ಕೋಬಾರ್ದು. ಆರಡಿ ದೂರ ನಿಂತು, 'ಅಣ್ಣಾ, ಚೆಂಡು ಕೊಡು' ಅಂತ ಮರ್ಯಾದಿಲೆ ಕೇಳ್ಬೇಕು."

"ಅವ ಕೊಡ್ದಿದ್ರ?" ಅಂದ ರಾಮಾಂಜಿನಿ.

"ಕೊಡ್ದಿದ್ರ ಮನಿಗೆ ಬಂದು ಹೇಳ್ಬೇಕು. ನಾವು ದೊಡ್ಡೋರು ಕುಂತು ಮಾತಾಡ್ತೀವಿ."

ರಾಮಾಂಜಿನಿಯ ನೆತ್ತಿಗೆ ಬೆಂಕಿ ಹತ್ತಿತು. ಸಹಿ, ಕಾಗದ ಎಲ್ಲ ಮರೆತು ಬಾಯಿಬಿಟ್ಟ. "ಕೊಟ್ರಯ್ಯನೋರ, ಹೋದ ತಿಂಗಳು ನಿಮ್ಮ ಮಗಳ ಮದಿವ್ಯಾಗ ನಾನೂರು ಮಂದಿ ಒಂದಾ ಪಂಕ್ತ್ಯಾಗ ತೊಡಿಗೆ ತೊಡಿ ಹಚ್ಚಿ ಉಂಡ್ರಲ್ಲ, ಆವಾಗ ಎಲ್ಲಿತ್ರೀ ಆರಡಿ?"

"ಅದು ಶುಭಕಾರ್ಯ ತಮ್ಮಾ. ಶುಭಕಾರ್ಯಕ್ಕ ರೋಗ ಬರಂಗಿಲ್ಲ."

"ಹುಟ್ಟಿದಾಗಿಂದ ಇಲ್ಲಿ ಕೆಂಪು ಧೂಳಾ ಉಸುರು ನಮಗ. ಮೂಗು ಸೀನಿದ್ರ ಅದಿರು ಬರ್ತೈತಿ. ಆವಾಗ ಒಬ್ರಾದ್ರೂ ಮಕ್ಕಳ ಬಾಯಿಗೆ ಒಂದು ವಸ್ತ್ರ ಕಟ್ಟಿದ್ರೇನು? ಈಗ ಹುಡುಗ್ರು ಓಡ್ತೀವಿ ಅಂದ್ರ ನಿಮಗ ಕಾಳಜಿ ಹುಟ್ಟೈತಿ!"

ಕೊಟ್ರಯ್ಯನವರ ಮೀಸೆ ಮಾಸ್ಕಿನೊಳಗೇ ಕುಣಿಯತೊಡಗಿತು. ಕೆಲಸ ಕೆಟ್ಟಿತು ಅಂತ ರಾಮಾಂಜಿನಿ ಕಣ್ಣು ಮುಚ್ಚಿಕೊಳ್ಳುವಷ್ಟರಲ್ಲಿ ಮಿರ್ಚಿ ಬಂತು.

ಬಂತು ಅಂದರೆ ಹೇಗೆ! ಎಣ್ಣೆ ಇನ್ನೂ ಚುರುಗುಟ್ಟುತ್ತಿತ್ತು. ನಡುವೆ ಪೇಪರ್ ಹಾಸಿ ಒಗ್ಗರಣಿ ಸುರಿದು, ಅದರ ಮೇಲೆ ಐವತ್ತು ಮಿರ್ಚಿ ಇಳಿಸಿದ್ದೇ ತಡ, ಒಂಬತ್ತು ಮಾಸ್ಕು ಒಟ್ಟಿಗೇ ಗದ್ದಕ್ಕೆ ಜಾರಿದವು. ಒಂಬತ್ತು ಕೈ ಒಂದೇ ರಾಶಿಗೆ ಬಿದ್ದವು. ಖಾರಕ್ಕೆ ಹಾ ಹಾ ಅಂತ ಒಬ್ಬರ ಮುಖಕ್ಕೆ ಒಬ್ಬರು ಉಸುರು ಬಿಡುತ್ತಾ, ಒಂದೇ ತಂಬಿಗೆಯಿಂದ ನೀರು ಎತ್ತಿ ಕುಡಿದರು. ಹನುಮೇಶ ಕಣ್ಣು ಮೂಗು ಒರೆಸಿದ ಕೈಯಲ್ಲೇ ಲಕ್ಷ್ಮಿಗೆ ಇನ್ನೊಂದು ಎತ್ತಿಕೊಟ್ಟ. "ತಗೋ ಯಕ್ಕಾ, ಇದ್ರಾಗ ಖಾರ ಕಡಿಮಿ ಐತಿ."

ಹೊಟ್ಟೆಗೆ ಇಳಿದಂತೆಲ್ಲ ಮನಸ್ಸು ಮೆತ್ತಗಾಯಿತು. ಏಳನೇ ಮಿರ್ಚಿಗೆ ಕೊಟ್ರಯ್ಯ ಪೆನ್ನು ಕೇಳಿದರು. "ಹುಡುಗ ಸಿಟ್ಟಿನ್ಯಾಗ ಅಂದ. ಇರ್ಲಿ, ಆಡ್ಕೊಳ್ಳಿ ಬಿಡ್ರಿ," ಅಂದು ಎಣ್ಣೆಗೈಯಲ್ಲೇ ಸಹಿ ಜಾರಿಸಿದರು. ಹಿಂದೆಯೇ ಹನುಮೇಶ, ಲಕ್ಷ್ಮೀ, ಉಳಿದ ಆರೂ ಮಂದಿ. ಒಂಬತ್ತು! ಅವ್ವನ ಕಾಲಿಗೆ ಇಲ್ಲಿಂದಲೇ ನಮಸ್ಕಾರ ಮಾಡಿ ರಾಮಾಂಜಿನಿ ಖುಷಿಯಿಂದ ಒಂದು ಮಿರ್ಚಿ ಬಾಯಿಗಿಟ್ಟ. ಬೆಳಿಗ್ಗೆಯಿಂದ ಅವನದು ಮೊದಲ ತುತ್ತು.

ಬಾಗಿಲು ತೆರೆದದ್ದು ಆಗಲೇ.

ಒಳಗಿನ ಬಿಸಿ ಹಬೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹೊರಗೆ ನುಗ್ಗಿತು. ಬಾಗಿಲಲ್ಲಿ ಪಿಎಸ್‌ಐ ಸಾಹೇಬರು, ಹಿಂದೆ ಇಬ್ಬರು ಪೇದೆಗಳು.

"ಏನ್ರೀ ಇದು?"

ಕೊಟ್ರಯ್ಯ ಬಾಯಿ ತುಂಬ ಮಿರ್ಚಿ ಇಟ್ಟುಕೊಂಡೇ ಎದ್ದರು. "ಮಕ್ಕಳ ಸುರಕ್ಷತೆ ಬಗ್ಗೆ ಸಭೆ, ಸಾಹೇಬ್ರ."

ಪಿಎಸ್‌ಐ ಒಂದೊಂದೇ ಗದ್ದ ಎಣಿಸಿದರು. "ಹತ್ತು ಮಂದಿ, ಹತ್ತು ಮಾಸ್ಕು, ಒಂದೂ ಮೂಗಿನ ಮ್ಯಾಲಿಲ್ಲ. ದಂಡ ಕಟ್ತೀರೋ, ಬಿಸಿಲಾಗ ಎರಡು ತಾಸು ಕುಂದ್ರತೀರೋ?"

"ಕುಂದ್ರತೀವಿ!" ಅಂದರು ಕೊಟ್ರಯ್ಯ, ಸಾಹೇಬರ ಮಾತು ಮುಗಿಯುವ ಮೊದಲೇ.

ಕೂರಿಸಲು ಜಾಗ ಹುಡುಕುವ ಕೆಲಸವೇ ಬೀಳಲಿಲ್ಲ. ಮೈದಾನದಲ್ಲಿ ಆರಾರು ಅಡಿಗೆ ಒಂದರಂತೆ ಸುಣ್ಣದ ಸುತ್ತು ಮಿರಮಿರ ಹೊಳೆಯುತ್ತಿದ್ದವು. "ಯಾರು ಹಾಕಿದ್ರಿ? ಭಾಳ ಚಂದ ಹಾಕ್ಯಾರ!" ಅಂದರು ಪಿಎಸ್‌ಐ. ಒಂಬತ್ತು ಮಂದಿ ಒಂಬತ್ತರಲ್ಲಿ ಕೂತರು. ಒಂದು ಸುತ್ತು ಉಳಿಯಿತು. ರಾಮಾಂಜಿನಿ ಅದನ್ನು ನೋಡಿದ. ಪಿಎಸ್‌ಐ ರಾಮಾಂಜಿನಿಯನ್ನು ನೋಡಿದರು. ಅವನ ಕೆನ್ನೆಯೊಳಗೆ ಅರ್ಧ ಮಿರ್ಚಿ ಇನ್ನೂ ಉಬ್ಬಿಕೊಂಡೇ ಇತ್ತು. ಹೋಗಿ ಕೂತ.

ಮೈದಾನದ ಗೋಡೆಯ ಮೇಲೆ ಹತ್ತು ಮಕ್ಕಳು ಸಾಲಾಗಿ ಕೂತಿದ್ದವು. ಮೂಗು ಬಾಯಿ ಮುಚ್ಚಿ ಮಾಸ್ಕು, ಹದಿನಾರು ತಿಂಗಳ ಹಿಂದಿನ ಜರ್ಸಿ ಈಗ ಹೊಕ್ಕುಳದ ಮೇಲಕ್ಕೆ. ಅಪ್ಪ ಅವ್ವಂದಿರು ಸುಣ್ಣದೊಳಗೆ ಕೂತದ್ದನ್ನು ನೋಡಿ ಮೊದಲು ಹೆದರಿದವು, ಆಮೇಲೆ ಮಾಸ್ಕಿನೊಳಗೇ ಕಿಸಕ್ಕನೆ ನಕ್ಕವು.

"ಸಾರ್, ನಾವು ಆಡ್ಬೋದೇನ್ರಿ?" ಕೇಳಿದಳು ಗಾಯತ್ರಿ.

"ಆಡ್ರಿ, ಮಾರ್ಕೆಟ್ ಮುಗದೈತಿ. ಆದ್ರ ದೊಡ್ಡೋರು ಒಬ್ರು ಜವಾಬ್ದಾರಿಲೆ ನಿಂದ್ರಬೇಕಲ್ಲ. ಮಾಸ್ಕ್ ಇದ್ದೋರು ಯಾರರ ಅದಾರೇನು ಈ ಊರಾಗ?"

ಬೇವಿನ ಮರದ ಕೆಳಗಿಂದ ಒಂದು ಬಿದಿರು ಗಳ ಮೇಲೆದ್ದಿತು.

ದುರುಗವ್ವ ಸೀಟಿ ಕೇಳಲಿಲ್ಲ. ಮೊಮ್ಮಗಳನ್ನು ಮನೆಗೆ ಓಡಿಸಿ ಹಿತ್ತಾಳೆ ತಟ್ಟೆ, ಸೌಟು ತರಿಸಿದಳು. ಹೋದ ವರ್ಷ ರೋಗ ಓಡಿಸಲು ಊರೆಲ್ಲ ತಟ್ಟೆ ಬಡಿದಾಗ ಆಕೆಯದು ನಡುವೆ ತಗ್ಗು ಬಿದ್ದಿತ್ತು. ಅದನ್ನೇ ಢಣ್ಣನೆ ಬಾರಿಸಿ ಕಾನೂನು ಹೇಳಿದಳು. "ಓಡೋರು ಮಾಸ್ಕ್ ಇಳಿಸ್ರಿ. ಕುಂತೋರು ಇಳಿಸಿದ್ರ ಗಳ ಬರ್ತೈತಿ. ಹತ್ತು ನಿಮಿಷಕ್ಕೊಮ್ಮೆ ನೀರು, ಅವರವರ ಬಾಟ್ಲ್ಯಾಗ. ಹೂಂ, ಆಡ್ರಿ!"

ಢಣ್! ಆಟ ಶುರುವಾಯಿತು.

ಮೊದಲ ಐದು ನಿಮಿಷ ಮಕ್ಕಳಿಗೆ ಕಾಲು ಎಲ್ಲಿವೆ ಅನ್ನೋದೇ ನೆನಪಾಗಲಿಲ್ಲ. ಒಬ್ಬ ಚೆಂಡು ಬಿಟ್ಟು ಗಾಳಿಗೆ ಒದ್ದು ಅಂಗಾತ ಬಿದ್ದ. ಆಮೇಲೆ ನಿಧಾನಕ್ಕೆ ಗುಡ್ಡದ ಕಡೆಯಿಂದ ಗಾಳಿ ಬಂದಂತೆ ಆಟ ಬಂತು. ರಾಮಾಂಜಿನಿ ಹೇಳಿಕೊಟ್ಟಿದ್ದ ಪಾಸು, ತಿರುವು, ಎಡಗಾಲಿನ ಸುಳ್ಳು ತೋರಿಸಿ ಬಲಗಾಲಿನಲ್ಲಿ ಹೊಡೆಯೋದು, ಒಂದೂ ಮರೆತಿರಲಿಲ್ಲ! ಏಳು ಸಲ ತಾನೇ ತೇಪೆ ಹಾಕಿದ ಚೆಂಡು ಕೆಂಪು ಧೂಳೆಬ್ಬಿಸುತ್ತಾ ಓಡುವುದನ್ನು ಕಂಡು ಅವನ ಕಣ್ಣು ತುಂಬಿದವು. "ಬಲಕ್ಕ ಕೊಡ್ಲೇ!" ಅಂತ ಚೀರಿದ.

"ಮಾತಾಡಿದ್ರ ಅರ್ಧ ತಾಸು ಹೆಚ್ಚು," ಅಂದ ಪೇದೆ.

ಆಗ ಗಾಯತ್ರಿ ಚೆಂಡು ಹಿಡಿದಳು. ಒಬ್ಬನನ್ನು ದಾಟಿದಳು, ಇಬ್ಬರನ್ನು ದಾಟಿದಳು, ಒದ್ದಳು. ಚೆಂಡು ಗುಂಡಿನಂತೆ ಕಂಬದ ಮೂಲೆಗೆ ಹೊರಟಿತು.

"ಹಿಡೀಲೇ ಈಶಾ! ಕೈಲೆ ಹಿಡಿ! ಎರಡೂ ಕೈಲೆ ಹಿಡೀಲೇ!" ಸುಣ್ಣದ ಸುತ್ತಿನೊಳಗೆ ನೆಟ್ಟಗೆ ಎದ್ದು ನಿಂತು ಕೂಗಿದವರು ಕೊಟ್ರಯ್ಯ.

ಈಶ್ವರ ಹಾರಿದ. ಎರಡೂ ಕೈಯಲ್ಲಿ ಹಿಡಿದ. ಎದೆಗೆ ಅವುಚಿಕೊಂಡು ಧೂಳಲ್ಲಿ ಉರುಳಿದ. ಕೊಟ್ರಯ್ಯನವರಿಗೆ ಅರ್ಧ ತಾಸು ಹೆಚ್ಚು ಬಿತ್ತು. ಅವರು ಅದನ್ನು ಸನ್ಮಾನದ ಶಾಲಿನಂತೆ ಹೆಮ್ಮೆಯಿಂದ ಹೊದ್ದುಕೊಂಡು ಕೂತರು. ಹನುಮೇಶನ ಮಗ ಯಾರನ್ನೂ 'ಅಣ್ಣಾ' ಅನ್ನದೆ ಚೆಂಡು ಕಸಿದಾಗ ಹನುಮೇಶ ತೊಡೆ ತಟ್ಟಿದ. ಮುಂದಿನ ಸಲ ಗಾಯತ್ರಿ ಬಿಡಲಿಲ್ಲ. ಈಶ್ವರನ ಬೆರಳ ತುದಿ ಸವರಿ ಚೆಂಡು ಕಂಬಗಳ ನಡುವೆ ದಾಟಿತು. ಹತ್ತು ಸುತ್ತಿನಲ್ಲೂ ಹತ್ತು ಮಂದಿ ಎದ್ದು ಕುಣಿದರು. ಲಕ್ಷ್ಮಿಯ ಮೊಬೈಲು ಎಲ್ಲಿ ಬಿತ್ತೋ ಆಕೆಗೇ ಗೊತ್ತಾಗಲಿಲ್ಲ. ಪೇದೆಗಳೂ ಚಪ್ಪಾಳೆ ತಟ್ಟಿದರು. ಸಂಡೂರಿನ ಗುಡ್ಡಗಳು ಆ ಕೂಗನ್ನು ಒಂದಕ್ಕೊಂದು ಪಾಸು ಮಾಡಿಕೊಂಡವು.

ಮಾತಾಡಿದವರ ಹೆಚ್ಚಿನ ಶಿಕ್ಷೆಯನ್ನು ಸಾಹೇಬರು ಆ ಗೋಲಿನ ಖುಷಿಯಲ್ಲಿ ಮನ್ನಾ ಮಾಡಿದರು. ನಾಲ್ಕೂವರೆಗೆ ಜೀಪಿನ ಬಾನೆಟ್ ಮೇಲೆ ಕಾಗದ ಹರಡಿತು. "ಹತ್ತನೇ ಸಹಿ ಹಾಕು ಅಜ್ಜೀ, ಕಾಲಿಗೆ ಬೀಳ್ತೀನಿ," ಅಂದ ರಾಮಾಂಜಿನಿ. ಈ ಸಲ ಅವನ ಮಾಸ್ಕು ಕಣ್ಣಿನ ತನಕ ಇತ್ತು.

"ಹಾಕ್ತೀನಿ ತಮ್ಮಾ. ಅದಕ್ಕಾ ಅಲ್ಲೇನು ಪೊಲೀಸ್ರಿಗೆ ಫೋನ್ ಹಚ್ಚಿದ್ದು ನಾನು? ಇಲ್ಲಂದ್ರ ನೀವು ನಾಳಿ ತನಕ ಒಳಗಾ ಕುಂದ್ರತಿದ್ರಿ, ಹುಡ್ರು ಗ್ವಾಡಿ ಮ್ಯಾಲೆ ಕುಂದ್ರತಿದ್ವು." ದುರುಗವ್ವ ಆರಡಿ ದೂರ ನಿಂತು, ತೋಳು ಚಾಚಿ, ಸಹಿ ಹಾಕಿದಳು.

ಹತ್ತು! ರಾಮಾಂಜಿನಿ ಕಾಗದ ಎದೆಗೊತ್ತಿಕೊಂಡ. ಮೈದಾನ ಗೆದ್ದಾಯಿತು. ಮಕ್ಕಳು ಹೋ ಅಂದವು.

"ನಾನು ಪುರಸಭಿ ಕಡೇಗಾ ಹೊಂಟೀನಿ, ಕೊಡಿಲ್ಲಿ," ಅಂದು ಪಿಎಸ್‌ಐ ಓದಿದರು. ಕೊನೆಯ ಗೆರೆಯಲ್ಲಿ ನಿಂತರು. "ಹೊಣೆಗಾರರು, ರಾಮಾಂಜಿನಿ. ಇವತ್ತು ಮಾಸ್ಕ್ ಕೇಸಿನಾಗ ಕುಂತಿದ್ದ ರಾಮಾಂಜಿನಿ ಇವನಾ ಏನು?"

ಕೊಟ್ರಯ್ಯ ರಾಮಾಂಜಿನಿಯ ಕಡೆ ತಿರುಗಿದರು. "ತಪ್ಪು ತಿಳ್ಕೋಬ್ಯಾಡ ತಮ್ಮಾ. ಬಾಗ್ಲ ಹಾಕಿದ ಗೋಡೌನಿನ್ಯಾಗ ಮಾಸ್ಕ್ ಇಳಿಸಿ ಮಿರ್ಚಿ ತಿನ್ನಾವನ ಕೈಗೆ ಮಕ್ಕಳನ್ನ ಹೆಂಗ ಕೊಡೋದು? ದುರುಗವ್ವ ಇದ್ರ ನಾವೆಲ್ಲ ಕಳಿಸ್ತೀವಿ."

"ಹೌದ್ಹೌದು, ಮಕ್ಕಳ ವಿಚಾರ," ಅಂದರು ಉಳಿದ ಎಂಟೂ ಮಂದಿ, ಹಲ್ಲಿನ ಸಂದಿನ ಮಿರ್ಚಿ ಬೀಜ ನಾಲಿಗೆಯಲ್ಲಿ ಹುಡುಕುತ್ತಾ.

ಪೆನ್ನು ಅಡ್ಡ ಹೋಯಿತು. ಎರಡೆರಡು ಸಲ ತಿದ್ದಿದ ದಪ್ಪ ಹೆಸರಿನ ಮೇಲೆ ಒಂದು ಗೆರೆ ಬಿತ್ತು, ಪಕ್ಕದಲ್ಲಿ 'ದುರುಗವ್ವ' ಅಂತಾಯಿತು. ರಾಮಾಂಜಿನಿಯ ಮುಖ ನೋಡಲಾಗದೆ ದುರುಗವ್ವ ಪಿಎಸ್‌ಐ ಕಡೆ ತಿರುಗಿದಳು. "ಆ ಹುಡುಗನ ಹೆಸ್ರೂ ಇರ್ಲಿ ಸಾಹೇಬ್ರ. ಕೆಳಗ ಒಂದು ಕಡೆ ಬರೀರಿ. ಕೆಲಸ ಬರ್ತೈತಿ ಅವಗ."

ಮರುದಿನ ಸಂಜೆ ಮೈದಾನದಲ್ಲಿ ಒಂದೂ ಉಳ್ಳಾಗಡ್ಡಿ ಇರಲಿಲ್ಲ. ಹತ್ತು ಮಕ್ಕಳು ಕುದುರೆಮರಿಗಳಂತೆ ಓಡುತ್ತಿದ್ದವು. ರಾಮಾಂಜಿನಿ ಹಳೇ ಅಭ್ಯಾಸಕ್ಕೆ ಮಾಸ್ಕು ಸರಿಸಿ ಸೀಟಿ ತುಟಿಗಿಟ್ಟ.

ಢಣ್! ಆರಡಿ ಆಚೆಯಿಂದ ಗಳದ ತುದಿ ಬಂದು ಅವನ ಹೊಟ್ಟೆಗೆ ಮುಟ್ಟಿತು.

"ಮೂತಿ ಮುಚ್ಚಲೇ!"

ಮುಚ್ಚಿಕೊಂಡ. ಮುಚ್ಚಿಕೊಂಡು, ಅಂಗಡಿಯಿಂದ ತಂದ ಪಂಪಿನ ಮುಂದೆ ಕೂತು ಚೆಂಡಿಗೆ ಗಾಳಿ ಹೊಡೆಯತೊಡಗಿದ. ಸರ್ಕಾರಿ ಕಾಗದದ ಕೊನೆಯ ಸಾಲಿನಲ್ಲಿ ಅವನ ಹೆಸರಿನ ಮುಂದೆ ಬರೆದಿದ್ದ ಹುದ್ದೆ ಅದೇ ಆಗಿತ್ತು.