ನಾನು ಬಿ, ಅವರು ಎ

ಪ್ರೈಮರಿ ಶಾಲೆಯಲ್ಲಿ ದಿನಕ್ಕೊಂದು ಫಜೀತಿ ಆಗದಿದ್ದರೆ ಅಂದು ಭಾನುವಾರ ಎಂದೇ ಅರ್ಥ. ನಮ್ಮ ಶಾಲೆಯೂ ಹಾಗೆಯೇ. ವ್ಯತ್ಯಾಸ ಇಷ್ಟೇ, ಚಪ್ಪಾಳೆ ಬೀಳುವಂಥದ್ದೆಲ್ಲ ಪಕ್ಕದ ಕ್ಲಾಸಿನಲ್ಲಿ ಆಗುತ್ತದೆ, ಫಜೀತಿ ಮಾತ್ರ ನನ್ನ ಕ್ಲಾಸಿಗೆ ಬರುತ್ತದೆ.

ಗಂಡನಿಗೆ ರೈಲ್ವೆಯಲ್ಲಿ ವರ್ಗವಾಗಿ ಹುಬ್ಬಳ್ಳಿಯಿಂದ ಅಹಮದಾಬಾದಿಗೆ ಬಂದ ಮೇಲೆ, ವಸ್ತ್ರಾಪುರದ ಒಂದು ಶಾಲೆಯಲ್ಲಿ ನಾನು ಐದನೇ ಬಿ ಸೆಕ್ಷನ್ನಿನ ಟೀಚರ್ ಆದೆ. ಎ ಸೆಕ್ಷನ್ನಿನ ಟೀಚರ್ ಇದೇ ಊರಿನವರು. ಹಾಡು ಬರುತ್ತದೆ, ಗರ್ಬಾ ಬರುತ್ತದೆ, ಬೈಯದೆ ಮಕ್ಕಳನ್ನು ಸುಮ್ಮನಿರಿಸುವುದೂ ಬರುತ್ತದೆ. ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ? ತಾಯಿಯ ಸೆಕ್ಷನ್ನಿನಲ್ಲಿ ಮಗು ಕೂರಬಾರದು ಎಂಬ ನಿಯಮದಿಂದ ನನ್ನ ಮಗಳೂ ಅವರ ಪಾಲಾಗಿದ್ದಾಳೆ. ಉಳಿದದ್ದನ್ನೆಲ್ಲ ಸಹಿಸಿಯೇನು, ಇದನ್ನು ಸಹಿಸಲಾರೆ.

ಖಾಲಿ ಕುರ್ಚಿ

ಪೇರೆಂಟ್ಸ್ ಮೀಟಿಂಗ್ ದಿನ ಎ ಸೆಕ್ಷನ್ನಿನ ಬಾಗಿಲಲ್ಲಿ ಮೆಟ್ಟಿಲವರೆಗೂ ಸಾಲು. ನನ್ನ ಮುಂದಿನ ಕುರ್ಚಿ ಖಾಲಿ. ಕೊನೆಗೆ ನರೋಡಾದಲ್ಲಿ ಕಾರ್ಖಾನೆ ಇರುವ ಒಬ್ಬರು ಬಂದು ಫ್ಯಾನಿನ ಕೆಳಗೆ ಕೂತು ಮಗನ ಹೆಸರು ಹೇಳಿದರು. ಆ ಹೆಸರಿನವನು ನನ್ನ ಕ್ಲಾಸಿನ ರತ್ನ. ಅಕ್ಷರ ಮುತ್ತಿನಂತೆ, ಡಬ್ಬಿ ಪೂರ್ತಿ ಖಾಲಿ ಮಾಡುತ್ತಾನೆ, ಎದುರುತ್ತರವಿಲ್ಲ ಎಂದು ಹತ್ತು ನಿಮಿಷ ಹೊಗಳಿದೆ. ಅವರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಎ ಸೆಕ್ಷನ್ನಿನ ಸಾಲಿನಿಂದ ಅವರ ಹೆಂಡತಿ ಕೂಗಿದರು: "ಅಲ್ಲೇನು ಮಾಡ್ತಿದ್ದೀರಿ? ನಮ್ಮ ಸರದಿ ಬಂತು."

ಅವರ ಮಗ ಎ ಸೆಕ್ಷನ್ನಿನವನು. ಬರೀ ಹೆಸರು ಒಂದೇ. ಆದರೂ ಅವರು ಏಳಲಿಲ್ಲ. ಇಲ್ಲಿ ಎಲ್ಲ ಹೆಂಗಸರನ್ನೂ ಅಕ್ಕಾ ಎನ್ನುವ ಹಾಗೆ ‘ಬೆನ್’ ಅನ್ನುತ್ತಾರೆ.

"ಬೆನ್, ಈ ಹುಡುಗನ ಅಪ್ಪ ಬಂದಿಲ್ಲದಿದ್ದರೆ ರಿಪೋರ್ಟ್ ಕಾರ್ಡಿಗೆ ನಾನೇ ಸಹಿ ಮಾಡ್ತೀನಿ," ಎಂದರು. "ಅಲ್ಲಿಗೆ ಹೋಗೋಕೆ ಧೈರ್ಯ ಇಲ್ಲ."

ಚಿತ್ರಾನ್ನದ ಮರ್ಯಾದೆ

ಆನಂದ ಮೇಳ ಎಂದರೆ ಮಕ್ಕಳು ತಾವೇ ಅಂಗಡಿ ಇಟ್ಟು ತಿಂಡಿ ಮಾರುವ ದಿನ. ಎ ಸೆಕ್ಷನ್ನಿನವರು ಬನ್ನಿನೊಳಗೆ ಖಾರದ ಆಲೂಗಡ್ಡೆ ತುಂಬಿದ ದಾಬೇಲಿ ಇಟ್ಟರು. ಇವರಿಗೆ ನಮ್ಮ ಕಡೆಯ ರುಚಿ ತೋರಿಸಿಯೇ ಬಿಡುತ್ತೇನೆಂದು ನಾನು ಬೆಳಗ್ಗೆ ಐದಕ್ಕೆ ಎದ್ದು ದೊಡ್ಡ ಪಾತ್ರೆ ತುಂಬ ಚಿತ್ರಾನ್ನ ಕಲಸಿದೆ. ಸೋನಾಮಸೂರಿ, ಕರಿಬೇವು, ಧಾರಾಳವಾಗಿ ಶೇಂಗಾ.

ದಾಬೇಲಿಯ ಮುಂದೆ ನೂಕುನುಗ್ಗಲು. ನಮ್ಮ ಪಾತ್ರೆಯೊಳಗೆ ಎಲ್ಲರೂ ಇಣುಕುತ್ತಾರೆ, ನನ್ನ ಮುಖವನ್ನು ಮರುಕದಿಂದ ನೋಡಿ ಮುಂದೆ ಹೋಗುತ್ತಾರೆ. ನನಗೆ ಅರ್ಥವಾಗಲಿಲ್ಲ. ಕೊನೆಗೆ ಒಬ್ಬ ಅಜ್ಜಿ ಹತ್ತಿರ ಬಂದು ಕೈ ಹಿಡಿದುಕೊಂಡರು. ಹಿಂದಿನ ದಿನ ಉಳಿದ ಅನ್ನಕ್ಕೆ ಅರಿಶಿನ ಹಾಕಿ ಒಗ್ಗರಣೆ ಕೊಡುವುದು ಗುಜರಾತಿನ ಮನೆಮನೆಯ ಪದ್ಧತಿ ಎಂದು ನನಗೆ ಗೊತ್ತಾದದ್ದು ಆಗಲೇ.

"ಬೆನ್," ಎಂದರು ಅಜ್ಜಿ, "ನಿನ್ನೆ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲವಾ?"

ಭಾಗಾಕಾರ

ಮನೆಯಲ್ಲೂ ನೆಮ್ಮದಿಯಿಲ್ಲ. ಮಗಳಿಗೆ ಭಾಗಾಕಾರ ಹೇಳಿಕೊಡಲು ಕೂತರೆ ಪೆನ್ಸಿಲ್ ಕೆಳಗಿಟ್ಟು, "ಮಮ್ಮಿ, ನಮ್ಮ ಟೀಚರ್ ಐಸಾ ಮಾಡಲ್ಲ," ಅನ್ನುತ್ತಾಳೆ.

"ನಾನೂ ಟೀಚರ್ ಅದೀನಿ," ಎಂದೆ.

"ಪತಾ ಹೈ. ನಿನಗೆ ಡೌಟ್ ಇದ್ದರೆ ನಮ್ಮ ಟೀಚರ್‌ನ ಕೇಳು, ಅವರು ಬೈಯಲ್ಲ."

ಗಂಡನ ಮುಂದೆ ಗೋಳಾಡಿದೆ. ಅವರು ಪೇಪರಿನಿಂದ ತಲೆಯೆತ್ತದೆ, "ಭಾಳ ಚಲೋ ಕಲಿಸ್ತಾರಂತಲ್ಲ ಅವ್ರು," ಎಂದರು. ಅಂದು ಅವರಿಗೆ ರೊಟ್ಟಿಯ ಜೊತೆ ಪಲ್ಯ ಸಿಗಲಿಲ್ಲ.

ಒಂದು ದಿನದ ಟೀಚರ್

ಶಿಕ್ಷಕರ ದಿನ ಇಲ್ಲಿ ಮಕ್ಕಳೇ ಟೀಚರ್. ನಮ್ಮ ಶಾಲೆಯಲ್ಲಿ ಐದನೆಯವರು ತಮಗೆ ಇಷ್ಟವಾದ ಒಬ್ಬ ಟೀಚರ್ ಆಗಿ, ಅವರ ಹಾಗೆಯೇ ಉಟ್ಟು ತೊಟ್ಟು, ಎರಡೂ ಸೆಕ್ಷನ್ನಿನ ಮಕ್ಕಳ ಮುಂದೆ ಪಾಠ ಮಾಡಬೇಕು. ಪ್ರಿನ್ಸಿಪಾಲರು ಬಹುಮಾನ ಕೊಡುತ್ತಾರೆ.

ಮಗಳು ಯಾರಾಗುತ್ತಾಳೆ? ಒಂದು ವಾರ ನನಗೆ ಅನ್ನ ರುಚಿಸಲಿಲ್ಲ. ಏನು ಕೇಳಿದರೂ "ಸೀಕ್ರೆಟ್" ಅನ್ನುತ್ತಾಳೆ. ಅವಳು ಎಲ್ಲರೆದುರು ಆ ಟೀಚರ್ ಆಗಿ ನಿಂತರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ? ಅಂದು ಬೆಳಗ್ಗೆ ಎ ಸೆಕ್ಷನ್ನಿನಲ್ಲಿ ಅವಳಿಗೆ ಸೀರೆ ಉಡಿಸುತ್ತಿದ್ದವರು ಅವರೇ. ಬಾಗಿಲ ಸಂದಿಯಿಂದ ಅವರ ಬೆನ್ನು, ಅದರಾಚೆ ಮಗಳ ತಲೆ, ಇಷ್ಟನ್ನೇ ನೋಡಿ ವಾಪಸು ಬಂದೆ. ನೋಡಬಾರದಿತ್ತು.

ಮಗಳು ಹಾಲ್‌ಗೆ ಬಂದಳು. ಉಟ್ಟದ್ದು ನನ್ನ ನೀಲಿ ಇಳಕಲ್ ಸೀರೆ. ನನಗೆ ಹೇಳದೆ ಬೀರುವಿನಿಂದ ತಂದಿದ್ದಳು.

ಚಾಕ್ ಹಿಡಿದು ಬೋರ್ಡಿನ ಮೇಲೆ ಭಾಗಾಕಾರ ಬರೆದಳು. ನನ್ನ ಹಾಗೆಯೇ ಸೆರಗು ಸಿಕ್ಕಿಸಿದಳು, ನನ್ನ ಹಾಗೆಯೇ ಗಂಟಲು ಸರಿಮಾಡಿಕೊಂಡಳು. ನನಗೆ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಕೂತಿದ್ದ ಎ ಸೆಕ್ಷನ್ ಟೀಚರ್ ಕಡೆ ಒಮ್ಮೆ ತಿರುಗಿ ನೋಡಿದೆ, ಅವರಿಗೂ ಗೊತ್ತಾಗಲಿ ಎಂದು.

ಲೆಕ್ಕ ಅರ್ಧವಾಗಿತ್ತು. ಮಗಳು ಚಾಕ್ ಕೆಳಗಿಟ್ಟು ಬಾಗಿಲಿಗೆ ಹೋದಳು. ಕತ್ತು ಹೊರಗೆ ಚಾಚಿ ಆಲಿಸಿದಳು. ವಾಪಸು ಬಂದು ದನಿ ತಗ್ಗಿಸಿ, "ಎ ಸೆಕ್ಷನ್ನಿನವರು ಯಾಕೆ ಅಷ್ಟು ನಗ್ತಿದ್ದಾರೆ? ಯಾರಾದರೂ ನೀರು ಕುಡಿಯೋ ನೆಪದಲ್ಲಿ ಹೋಗಿ ನೋಡಿಕೊಂಡು ಬನ್ನಿ," ಎಂದಳು.

ನನ್ನ ಬಿ ಸೆಕ್ಷನ್ನಿನ ಅಷ್ಟೂ ಮಕ್ಕಳು, ದಿನಾ ಎತ್ತುವ ಹಾಗೆಯೇ, ಕೈ ಎತ್ತಿದರು: "ನಾನ್ ಹೋಗ್ತೀನಿ ಟೀಚರ್, ನಾನ್ ಹೋಗ್ತೀನಿ."

ಪ್ರಿನ್ಸಿಪಾಲರು ಕನ್ನಡಕ ತೆಗೆದು ನಕ್ಕರು. ಎ ಸೆಕ್ಷನ್ ಟೀಚರ್ ನನ್ನ ಕಡೆ ಬಾಗಿ, "ಅಯ್ಯೋ ಬೆನ್, ನಾನು ನಿಮ್ಮ ಮಕ್ಕಳಿಗೆ ಸಕ್ಕರೆ ಕಾಯಿಲೆ ಇರಬಹುದು ಅಂತ ಹೆದರಿಕೊಂಡಿದ್ದೆ," ಎಂದರು.

ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ. ಮೊದಲ ಬಹುಮಾನ ಮಗಳಿಗೇ ಬಂತು. ಆಮೇಲೆ ಬೆರಳ ಸಂದಿಯಿಂದ ನೋಡಿದೆ. ಎ ಸೆಕ್ಷನ್ ಟೀಚರ್ ಆಗಿ ನಟಿಸಿದವಳಿಗೆ ಎರಡನೆಯದು.