ಎಂಜಲು ಕೈ ಮತ್ತು ಹನೋಯಿಯ ಎಟಿಎಂ

'ಗೊತ್ತಿಲ್ಲ' ಎಂದು ಹೇಳುವ ಅಭ್ಯಾಸ ನನಗಿಲ್ಲ. ಅಂಗಡಿ ಇಟ್ಟವನಿಗೆ ಅದು ಇರಲೂಬಾರದು. ಮಣಿಪಾಲದಲ್ಲಿ ಹಾಸ್ಟೆಲುಗಳಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಸ್ಟೇಷನರಿ ಮತ್ತು ಜೆರಾಕ್ಸ್ ಅಂಗಡಿ ಇದೆ. ಎಲ್ಲೆಲ್ಲಿಂದಲೋ ಬಂದ ಮಕ್ಕಳು ನನ್ನಲ್ಲಿ ಪೆನ್ನು ಕೊಳ್ಳುವುದಕ್ಕಿಂತ ಹೆಚ್ಚಾಗಿ ದಾರಿ ಕೇಳುತ್ತಾರೆ. ಬಸ್ಸು ಎಲ್ಲಿ, ಆಸ್ಪತ್ರೆಯ ಹಿಂದಿನ ಗೇಟು ಎಲ್ಲಿ, ಎಟಿಎಂ ಎಲ್ಲಿ, ಇದ್ದರೆ ಅದರಲ್ಲಿ ಹಣ ಉಂಟಾ. ನಾನು ಎಲ್ಲದಕ್ಕೂ ಉತ್ತರ ಕೊಡುತ್ತೇನೆ. ಆ ಮಕ್ಕಳು ಬಲಗೈಯಲ್ಲಿನ ಮೊಬೈಲು ಬಿಡಲಾರದೆ ಎಡಗೈಯಲ್ಲಿ ನೋಟು ಚಾಚಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ. "ಬಲಗೈಯಲ್ಲಿ ಕೊಡಿ ಮಾರಾಯ್ರೇ, ಲಕ್ಷ್ಮಿ ಅಲ್ವಾ" ಎನ್ನುತ್ತೇನೆ. ಅವರು ಏನೂ ಅರ್ಥವಾಗದೆ ಮೊಬೈಲನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡು ಮತ್ತೆ ಎಡಗೈಯಲ್ಲೇ ನೋಟು ಕೊಡುತ್ತಾರೆ. ಈಗ ಎಲ್ಲರೂ ಕ್ಯೂಆರ್ ಹಲಗೆಗೆ ಮೊಬೈಲು ತೋರಿಸುವುದರಿಂದ ನನ್ನ ರಕ್ತದೊತ್ತಡ ಸ್ವಲ್ಪ ಇಳಿದಿದೆ.

ಎಟಿಎಂ ವಿಷಯದಲ್ಲಂತೂ ನಾನು ಪಂಡಿತನೆಂದೇ ನಂಬಿಕೊಂಡಿದ್ದೆ. ನಮ್ಮ ಮನೆ ಇರುವುದು ಕಾಪುವಿನಲ್ಲಿ. ಅಲ್ಲಿನ ಎಟಿಎಂನ ಬಾಗಿಲು ಎಂದೂ ಪೂರ್ತಿ ಮುಚ್ಚುವುದಿಲ್ಲ. ಒಳಗೆ ಒಬ್ಬರು ಗುಂಡಿ ಒತ್ತುತ್ತಿದ್ದರೆ ಹೊರಗಿನ ಸಾಲಿನಲ್ಲಿರುವ ಮೀನಿನ ಬುಟ್ಟಿಯ ಅಕ್ಕಂದಿರೆಲ್ಲ ಸೇರಿ ಮಾರ್ಗದರ್ಶನ ಮಾಡುತ್ತಾರೆ. ಯಾರಿಗೆ ಎಷ್ಟು ಬಂತು, ಯಾರಿಗೆ ಬರಲಿಲ್ಲ ಎಂಬುದು ಇಡೀ ಪೇಟೆಗೆ ಗೊತ್ತಾಗುತ್ತದೆ. ನನ್ನ ಮಾವ ಕಾರ್ಕಳದ ಆಚೆ ಬಜಗೋಳಿಯವರು. ಅವರು ಎಟಿಎಂ ಒಳಗೆ ಹೋಗುವಾಗ ಚಪ್ಪಲಿ ಹೊರಗೆ ಕಳಚಿಡುತ್ತಾರೆ, ಹಣ ಬಂದ ಮೇಲೆ ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಯಂತ್ರಕ್ಕೆ ಕೈ ಮುಗಿದು ಬಂದದ್ದೂ ಉಂಟು. ನಾನು ನಗುತ್ತಿದ್ದೆ. ನಗುವುದಕ್ಕೆ ನನಗೆ ಯಾವ ಯೋಗ್ಯತೆ ಇತ್ತೆಂಬುದು ಹನೋಯಿಗೆ ಹೋದ ಮೇಲೆ ತಿಳಿಯಿತು.

ಹನೋಯಿಗೆ ನಾನು ನನ್ನ ದುಡ್ಡಿನಲ್ಲಿ ಹೋದವನಲ್ಲ. ಪುಸ್ತಕ, ಕಾಗದ ಸರಬರಾಜು ಮಾಡುವ ಏಜೆಂಟರು ಹೆಚ್ಚು ಮಾಲು ಎತ್ತಿದ ಅಂಗಡಿಯವರಿಗೆ ಒಂದು ಸ್ಕೀಮು ಇಟ್ಟಿದ್ದರು. ಹಿಂದೆಲ್ಲ ಸ್ಕೀಮಿನಲ್ಲಿ ಮಿಕ್ಸಿ ಬರುತ್ತಿತ್ತು, ಇಸ್ತ್ರಿಪೆಟ್ಟಿಗೆ ಬರುತ್ತಿತ್ತು. ಈ ಸಲ ವಿಯೆಟ್ನಾಂ ಬಂತು, ಅದೂ ದಂಪತಿಗಳಿಗೆ. ನನ್ನ ಹೆಂಡತಿ ವಾರಿಜಳಿಗೆ ಹೇಳಿದಾಗ ಅವಳು ನಂಬಲಿಲ್ಲ. ನಂಬದಿರಲು ಕಾರಣವಿತ್ತು. ಮದುವೆಯಾದಂದಿನಿಂದ ಭಾನುವಾರವೂ ಅಂಗಡಿ ತೆರೆದಿಟ್ಟ ನಾನು ಅವಳನ್ನು ಅಬ್ಬಬ್ಬಾ ಎಂದರೆ ಉಡುಪಿಗೆ ಐಸ್‌ಕ್ರೀಂ ತಿನ್ನಿಸಲು ಕರೆದುಕೊಂಡು ಹೋದದ್ದು.

ಪ್ರವಾಸದ ಕಾಗದವನ್ನು ಅವಳು ಮೂರು ಸಲ ಓದಿ ಒಂದು ಚಿತ್ರದ ಮೇಲೆ ಬೆರಳಿಟ್ಟಳು. ನೀರಿನ ಬೊಂಬೆಯಾಟ. ಕೊಳದಂಥ ರಂಗದಲ್ಲಿ ಸೊಂಟದ ತನಕ ನೀರಲ್ಲಿ ನಿಂತ ಬೊಂಬೆಗಳು ಉಳುತ್ತವಂತೆ, ಭತ್ತದ ನೇಜಿ ನೆಡುತ್ತವಂತೆ, ಮೀನು ಹಿಡಿಯುತ್ತವಂತೆ. ವಾರಿಜ ಚಿಕ್ಕಂದಿನಲ್ಲಿ ಬಜಗೋಳಿಯ ಗದ್ದೆಯಲ್ಲಿ ನೇಜಿ ನೆಟ್ಟವಳು. "ನನಗೆ ಇದೊಂದು ನೋಡಿದರೆ ಸಾಕು. ಬೇರೆ ಎಂತ ತೆಗೆದು ಕೊಡದಿದ್ದರೂ ಅಡ್ಡಿ ಇಲ್ಲ" ಎಂದಳು. ಅವಳು ಬಾಯಿಬಿಟ್ಟು ಕೇಳಿದ್ದು ಬಹುಶಃ ಅದೊಂದೇ. ನಾನು ದೊಡ್ಡದಾಗಿ "ಆಯ್ತು, ತೋರಿಸುವ" ಎಂದೆ. (ನಾವು ಮನೆಯಲ್ಲಿ ಆಡುವುದು ತುಳು. ಕನ್ನಡಕ್ಕೆ ತಂದಾಗ ವಾರಿಜಳ ಮಾತಿನ ಖಾರ ಅರ್ಧ ಇಳಿಯುತ್ತದೆ, ಓದುವವರು ಸೇರಿಸಿಕೊಳ್ಳಬೇಕು.)

ಬೊಂಬೆಯಾಟ ಪ್ರವಾಸದ ಖರ್ಚಿನಲ್ಲಿ ಸೇರಿರಲಿಲ್ಲ. ನೋಡುವವರು ಕೈಯಿಂದ ಕೊಟ್ಟು ನೋಡಬೇಕು. ನಾಳೆ ನೋಡುವ, ನಾಳೆ ನೋಡುವ ಎನ್ನುತ್ತ ಕೊನೆಯ ಸಂಜೆ ಬಂತು. ತಂಡದವರೆಲ್ಲ ಚೀಲ ಕೊಳ್ಳಲು ಹೋದರು. ನಾವಿಬ್ಬರು ಬೊಂಬೆಯಾಟದ ಮನೆಯ ಕಿಟಕಿಗೆ ಹೋದರೆ ಒಳಗಿದ್ದ ಹುಡುಗಿ ನನ್ನ ಕಾರ್ಡನ್ನು ನೋಡಿ ತಲೆಯಾಡಿಸಿ ನಗದಿನ ಚಿತ್ರ ತೋರಿಸಿದಳು. ಆಟಕ್ಕೆ ಇನ್ನೂ ಸಮಯವಿತ್ತು, ರಸ್ತೆಯ ಆಚೆ ಎಟಿಎಂ ಕಾಣುತ್ತಿತ್ತು. ನನಗೆ ಯಾವ ಗಾಬರಿಯೂ ಇರಲಿಲ್ಲ. ದಾರಿಯಲ್ಲಿ ಒಬ್ಬ ಹೆಂಗಸು ದೊಡ್ಡ ಬಾಣಲೆಯಲ್ಲಿ ಬಾಳೆಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಪೋಡಿ ಕರಿಯುತ್ತಿದ್ದಳು. ಥೇಟ್ ನಮ್ಮ ಪೋಡಿ! ಅಷ್ಟು ದಿನ ನೂಡಲ್ಸ್ ಸಾರು ಕುಡಿದ ನಾಲಿಗೆಗೆ ಊರೇ ಎದುರು ಬಂದಂತಾಯಿತು. ಹೇಗೂ ಹಣ ತೆಗೆಯಲಿಕ್ಕೆ ಉಂಟಲ್ಲ ಎಂದು ಕಿಸೆಯಲ್ಲಿ ಉಳಿದಿದ್ದ ಚಿಲ್ಲರೆ ನೋಟುಗಳನ್ನೆಲ್ಲ ಕೊಟ್ಟು ಇಬ್ಬರಿಗೂ ಬಿಸಿಬಿಸಿ ಪೋಡಿ ತೆಗೆದುಕೊಂಡೆ. ಒಂದು ಕಚ್ಚು ಕಚ್ಚಿ, ವಾರಿಜಳ ಕೈ ಹಿಡಿದು, ಸ್ಕೂಟರುಗಳ ಪ್ರವಾಹದಲ್ಲಿ ರಸ್ತೆ ದಾಟಿದೆ.

ವಾರಿಜ ಗಾಜಿನ ಬಾಗಿಲ ಹೊರಗೆ ನನಗೆ ಬೆನ್ನು ಹಾಕಿ ನಿಂತಳು. ಪಿನ್ ಒತ್ತುವಾಗ ಗಂಡನದ್ದಾದರೂ ನೋಡಬಾರದು ಎಂಬುದು ಅವಳ ಮರ್ಯಾದೆ. ನಾನು ಬಲಗೈಯಲ್ಲಿ ಪೋಡಿ ಹಿಡಿದು ಎಡಗೈಯಲ್ಲಿ ಕಾರ್ಡು ತುರುಕಿದೆ. ಯಂತ್ರ ಪ್ರಶ್ನೆ ಕೇಳಲು ಶುರುಮಾಡಿತು. ಯಾವ ಭಾಷೆ? ಇಂಗ್ಲಿಷ್. ಎಷ್ಟು ಬೇಕು? ಆ ದೇಶದಲ್ಲಿ ಒಂದು ಲೋಟ ಕಾಫಿಗೆ ಅವರ ಮೂವತ್ತು ಸಾವಿರ ಡಾಂಗ್, ಅಂದರೆ ನಮ್ಮ ನೂರು ರೂಪಾಯಿ. ಸೊನ್ನೆಗಳನ್ನು ನೋಡಿ ತಲೆ ತಿರುಗಿ, ಟಿಕೇಟಿಗೂ ಆಗಲಿ, ವಾರಿಜಳಿಗೆ ಒಂದು ರೇಷ್ಮೆ ಶಾಲಿಗೂ ಆಗಲಿ ಎಂದು ಇಪ್ಪತ್ತು ಲಕ್ಷ ಒತ್ತಿದೆ. ಜೀವಮಾನದಲ್ಲಿ ಒತ್ತದ ಮೊತ್ತ. ನಮ್ಮ ವಿನಿಮಯ ದರ ಒಪ್ಪುವಿರಾ, ಬಿಡುವಿರಾ ಎಂದು ಕೇಳಿತು. ಒಪ್ಪಿದರೆ ನಷ್ಟವೋ ಬಿಟ್ಟರೆ ನಷ್ಟವೋ ತಿಳಿಯದೆ ಕಣ್ಣುಮುಚ್ಚಿ ಒಂದನ್ನು ಒತ್ತಿದೆ. ಯಾವುದನ್ನು ಒತ್ತಿದೆನೋ ಇಂದಿಗೂ ಗೊತ್ತಿಲ್ಲ. ಕಾರ್ಡು ಹೊರಗೆ ಬಂತು, ತೆಗೆದು ಕಿಸೆಗೆ ಹಾಕಿದೆ. ಆಮೇಲೆ ಗರಗರ ಸದ್ದಾಗಿ ನೀಲಿ ನೋಟುಗಳ ಕಟ್ಟು ತುಟಿ ಚಾಚಿತು.

ಆಗ ನನ್ನ ಕೈ ನಿಂತಿತು. ಬಲಗೈ ಎಂಜಲು, ಮೇಲಿಂದ ಎಣ್ಣೆ. ಎಂಜಲು ಕೈಯಲ್ಲಿ ಲಕ್ಷ್ಮಿಯನ್ನು ಮುಟ್ಟುವುದುಂಟೇ? ಎಡಗೈ ಖಾಲಿ ಇತ್ತು. ಆದರೆ ಎಡಗೈಯಲ್ಲಿ ತೆಗೆದುಕೊಳ್ಳುವುದುಂಟೇ, ಅದೂ ಇಪ್ಪತ್ತು ಲಕ್ಷವನ್ನು? ಮುಂದೆ ಹೋದ ಎಡಗೈ ತಾನಾಗಿ ಹಿಂದೆ ಬಂತು. ಮುಂದೆ ಹೋದ ಬಲಗೈಯನ್ನು ನಾನೇ ಹಿಂದೆ ಎಳೆದೆ. ಯಂತ್ರ ಕುಂಯ್ ಕುಂಯ್ ಎನ್ನತೊಡಗಿತು.

"ಓ ವಾರಿಜ, ಬೇಗ ಬಾ, ಹಣ ತೆಗಿ!" ಎಂದು ಕೂಗಿದೆ.

ಅವಳು ಒಳಗೆ ಓಡಿ ಬಂದಳು. ನೋಟು ನೋಡಿದಳು, ತನ್ನ ಬಲಗೈಯಲ್ಲಿದ್ದ ಅರ್ಧ ಪೋಡಿ ನೋಡಿದಳು. "ನನ್ನದೂ ಎಂಜಲು ಕೈ ಮಾರಾಯ್ರೇ!" ಎಂದು ಒರೆಸಲು ಸೊಂಟದ ಬದಿಯಲ್ಲಿ ಸೆರಗು ಹುಡುಕಿದಳು. ವಿದೇಶವೆಂದು ಮೊದಲ ಸಲ ಚೂಡಿದಾರ ಹಾಕಿದ್ದಳು, ಸೆರಗು ಎಲ್ಲಿಂದ ಬರಬೇಕು? ಪೋಡಿ ಕಟ್ಟಿಕೊಟ್ಟ ಕಾಗದ ನನ್ನ ಕೈಗಿಂತ ಹೆಚ್ಚು ಎಣ್ಣೆ ಕುಡಿದಿತ್ತು. ನಾನು ಬಲಗೈಯನ್ನು ಪ್ಯಾಂಟಿಗೆ ಒರೆಸಲು ಹೋದೆ. "ಅಯ್ಯೋ, ಹೊಸ ಪ್ಯಾಂಟು!" ಎಂದು ಅವಳು ತಡೆದಳು. ಅಷ್ಟರಲ್ಲಿ ಯಂತ್ರಕ್ಕೆ ನಮ್ಮ ಸಂಸಾರದ ಸಹವಾಸ ಸಾಕಾಗಿರಬೇಕು. ಚಾಚಿದ ನೋಟುಗಳನ್ನು ಸರಕ್ಕನೆ ಒಳಗೆಳೆದುಕೊಂಡು ಬಾಯಿ ಮುಚ್ಚಿತು. ಮರುಕ್ಷಣ ಮೊಬೈಲಿಗೆ ಸಂದೇಶ ಬಂತು: ನಿಮ್ಮ ಖಾತೆಯಿಂದ ಹಣ ತೆಗೆಯಲಾಗಿದೆ.

ಪುನಃ ಕಾರ್ಡು ಹಾಕಿದರೆ, ಕಳ್ಳರ ಭಯಕ್ಕೆ ನಾನೇ ಕಡಿಮೆ ಇಟ್ಟಿದ್ದ ದಿನದ ಮಿತಿ ಮುಗಿಯಿತು ಎಂದಿತು. ವಾರಿಜಳ ಕಾರ್ಡು ಕಾಪುವಿನ ಮನೆಯ ಕಪಾಟಿನಲ್ಲಿ ಸುರಕ್ಷಿತವಾಗಿತ್ತು, ಎರಡೆರಡು ಯಾಕೆ ಎಂದವನು ನಾನೇ. ತಂಡದ ಮುಖಂಡನಿಗೆ ಫೋನು ಮಾಡಿದರೆ ಅವನು ಸಂತೆಯ ಗದ್ದಲದಲ್ಲಿ ಎತ್ತಲಿಲ್ಲ. ಬ್ಯಾಂಕಿನ ಸಹಾಯವಾಣಿಗೆ ಮಾಡಿದೆ. ಕನ್ನಡಕ್ಕಾಗಿ ಒತ್ತಬೇಕಾದ್ದನ್ನು ಒತ್ತಿದ ಮೇಲೆ ಉತ್ತರ ಕರ್ನಾಟಕದ ಕಡೆಯ ಹೆಣ್ಣುಮಗಳೊಬ್ಬಳು ಸಿಕ್ಕಿದಳು.

"ರೊಕ್ಕ ಹೊರಗ ಬಂತೇನ್ರಿ ಸರ?"

"ಬಂತು."

"ಮತ್ತ ತಗೊಂಡಿಲ್ಲೇನ್ರಿ? ಯಾಕ್ರಿ?"

ಎಂತ ಹೇಳುವುದು? "ಕೈ ಎಂಜಲಾಗಿತ್ತು ಅಮ್ಮ. ಪೋಡಿ ತಿನ್ನುತ್ತಿದ್ದೆ" ಎಂದೆ.

"ಎಡಗೈ ಇತ್ತಲ್ರಿ ಸರ?"

"ಎಡಗೈಯಲ್ಲಿ ಲಕ್ಷ್ಮಿಯನ್ನು ತೆಗೆದುಕೊಳ್ತಾರಾ?"

"ಅದೂ ಖರೇನ ಬಿಡ್ರಿ" ಎಂದಳು ಪುಣ್ಯಾತ್ಗಿತ್ತಿ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅಷ್ಟು ದೂರದ ದೇಶದಲ್ಲಿ ನನ್ನನ್ನು ಅರ್ಥಮಾಡಿಕೊಂಡ ಒಂದು ಜೀವ! "ಆದ್ರ ಇಲ್ಲಿ ಕಾರಣ ಆರಿಸಬೇಕ್ರಿ ಸರ. ಮಷಿನ್ ಕೆಟ್ಟಿತ್ತು ಅಂತ ಐತಿ, ರೊಕ್ಕ ಕಡಿಮಿ ಬಂತು ಅಂತ ಐತಿ. ಎಂಜಲ ಅಂತ ಇಲ್ರಿ. 'ಇತರೆ' ಅಂತ ಹಾಕಲೇನ್ರಿ?"

"ಹಾಕಿ" ಎಂದೆ. ಆ ಹಣ ನಾವು ಊರಿಗೆ ಬಂದ ಮೇಲೆ ಹೇಗೆ ಹೋಗಿತ್ತೋ ಹಾಗೆ ಖಾತೆಗೆ ಮರಳಿತು. ಆ ಬಗ್ಗೆ ಯಾರೂ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ಬೊಂಬೆಯಾಟ ಮರಳಲಿಲ್ಲ. ನಾವು ಪುನಃ ರಸ್ತೆ ದಾಟಿ ಕಿಟಕಿಗೆ ಹೋದೆವು. ನೋಟು ಮುಟ್ಟದೆ ಪರ್ಸನ್ನೇ ತೆರೆದು ಅದರಲ್ಲಿದ್ದ ರೂಪಾಯಿ ನೋಟುಗಳನ್ನು ಮುಂದೆ ಹಿಡಿದೆ. ಆ ಹುಡುಗಿ ಅವನ್ನು ತೆಗೆದು ಎರಡೂ ಬದಿ ನೋಡಿ, ನಕ್ಕು, ಪರ್ಸಿನಲ್ಲೇ ಹಿಂದೆ ಇಟ್ಟು ಕಿಟಕಿ ಎಳೆದಳು. ಒಳಗೆ ಡೋಲು ಶುರುವಾಯಿತು. ಯಾರೋ ಹೆಂಗಸು ರಾಗವಾಗಿ ಹಾಡಿದಳು, ನೀರು ಚಿಮ್ಮಿದ ಸದ್ದಾಯಿತು, ಮಕ್ಕಳು ಹೋ ಎಂದು ನಕ್ಕರು. ವಾರಿಜ ಗೋಡೆಯ ಹತ್ತಿರ ನಿಂತು ಕೇಳುತ್ತಿದ್ದಳು. "ಈಗ ನೇಜಿ ನೆಡುತ್ತಿರಬೇಕು" ಎಂದಳು. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಅವಳನ್ನು ಸಮಾಧಾನ ಮಾಡಬೇಕಲ್ಲ. "ಹಣ ಎಲ್ಲಿ ಹೋಗ್ತದೆ, ಬರ್ತದೆ. ನಾವು ಲಕ್ಷ್ಮಿಗೆ ಅವಮರ್ಯಾದೆ ಮಾಡಲಿಲ್ಲ, ಅದು ಮುಖ್ಯ" ಎಂದೆ. ಹೋಟೆಲಿಗೆ ಹೋಗಲು ಮತ್ತೊಮ್ಮೆ ರಸ್ತೆ ದಾಟಬೇಕಿತ್ತು. ಸ್ಕೂಟರುಗಳು ಇನ್ನೂ ಹೆಚ್ಚಾಗಿದ್ದವು. ನಾನು ಕೈ ಚಾಚಿದೆ.

ವಾರಿಜ ಆ ಕೈಯನ್ನೇ ನೋಡಿದಳು. "ಇದು ಯಾವ ಕೈ?"

ಎಡಗೈ.

"ಆಗ ದಾಟಿಸುವಾಗ ಹಿಡಿದದ್ದು?"

ಅದೂ ಎಡಗೈ. ಬಲಗೈಯಲ್ಲಿ ಪೋಡಿ ಇತ್ತು ಎಂಬ ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ದೇವರ ದಯೆಯಿಂದ ಅಲ್ಲೇ ನಿಂತಿತು.

"ನೋಟಾದರೆ ಲಕ್ಷ್ಮಿ. ಹೆಂಡತಿಯಾದರೆ ಎಡಗೈಯೂ ಆಗ್ತದೆ, ಅಲ್ವಾ?" ಎಂದಳು.

ನಾನು ಗಡಿಬಿಡಿಯಲ್ಲಿ ಎಡಗೈ ಹಿಂದೆ ತೆಗೆದು ಬಲಗೈ ಮುಂದೆ ಮಾಡಿದೆ. ಅದು ಇನ್ನೂ ತೊಳೆಯದ ಎಂಜಲು ಕೈ ಎಂದು ನೆನಪಾಗಿ ಅದನ್ನೂ ಹಿಂದೆ ಎಳೆದುಕೊಂಡೆ. ಎಟಿಎಂ ಎಂಬುದು ಯಂತ್ರ, ಅದಾದರೂ ಸ್ವಲ್ಪ ಹೊತ್ತು ನನಗಾಗಿ ಕಾದಿತ್ತು. ವಾರಿಜ ಕಾಯಲಿಲ್ಲ. ಯಾರ ಕೈಯನ್ನೂ ಹಿಡಿಯದೆ, ಎಡಕ್ಕೂ ಬಲಕ್ಕೂ ನೋಡದೆ, ಆ ಸ್ಕೂಟರುಗಳ ನಡುವೆ ನೆಟ್ಟಗೆ ನಡೆದು ಆಚೆ ಬದಿ ಸೇರಿದಳು. ನಾನು ಎರಡು ಕೈಗಳನ್ನೂ ನೋಡಿಕೊಳ್ಳುತ್ತ ಈಚೆ ಬದಿಯಲ್ಲಿ ನಿಂತಿದ್ದೆ.