ಯುರೋಪಿನ ಕಾಲಿಗೆ ನನ್ನ ಸಹಿ

ಜವಾಬ್ದಾರಿ ದೂರವಿದ್ದಷ್ಟೂ ಹಗುರ ಎನ್ನುವುದು ನನ್ನ ಅನುಭವ. ಪಕ್ಕದ ಮನೆಯವರು ಊರಿಗೆ ಹೋಗುವಾಗ ಕೀಲಿ ಕೊಟ್ಟರೆ ನನಗೆ ನಿದ್ದೆ ಬರುವುದಿಲ್ಲ. ಅದೇ ನಾನು, ಯುರೋಪಿನ ಯಾವುದೋ ಪೇಟೆಯ ಜನರೆಲ್ಲ ಜಾರದೆ ನಡೆಯುತ್ತಾರೆಂದು ಚಹಾ ಕುಡಿಯುತ್ತ ಸಹಿ ಹಾಕುತ್ತೇನೆ. ಅದು ನನ್ನ ಉದ್ಯೋಗ. ಮುಂಡರಗಿ ರಸ್ತೆಯ ನಮ್ಮ ಕಾರ್ಖಾನೆಯಿಂದ ಅಲ್ಲಿಗೆ ಹಾಸುಗಲ್ಲು ಹೋಗುತ್ತದೆ. ಅಲ್ಲಿಯವರು ಕಲ್ಲನ್ನು ಕಲ್ಲೆಂದು ಸುಮ್ಮನೆ ನಂಬುವವರಲ್ಲ. ಎಷ್ಟು ಭಾರಕ್ಕೆ ಮುರಿಯುತ್ತದೆ, ಎಷ್ಟು ನೀರು ಕುಡಿಯುತ್ತದೆ, ಹಿಮಕ್ಕೆ ಬಿರಿಯುತ್ತದೆಯೇ, ಒದ್ದೆಯಾದರೆ ಜಾರುತ್ತದೆಯೇ ಎಂದೆಲ್ಲ ಪರೀಕ್ಷೆ ಮಾಡಿಸಿ, ಇದಕ್ಕೆ ನಾವೇ ಹೊಣೆ ಎಂದು ಬರೆದುಕೊಟ್ಟ ಮೇಲೆಯೇ ಮಾಲಿಗೆ ಸಿಇ ಎಂಬ ಅಲ್ಲಿಯ ಗುರುತು ಹಚ್ಚಬೇಕು. ಕಬ್ಬಿನ ಹಾಲಿನ ಅಂಗಡಿಯಲ್ಲಿ ಬಿಟ್ಟರೆ ಬೇರೆಲ್ಲೂ ಐಸು ಕಾಣದ ಬೆಟಗೇರಿಯವನು ನಾನು, ಹಿಮದ ಬಗ್ಗೆ ಮಾತು ಕೊಟ್ಟು ಕೊಟ್ಟು ದಣಿದಿದ್ದೇನೆ.

ನಮ್ಮ ಮೇಸ್ತ್ರಿ ಹುಸೇನಸಾಬರಿಗೆ ಈ ವ್ಯವಹಾರವೇ ತಿಳಿಯುವುದಿಲ್ಲ. ಜಾರಬಾರದೆಂದು ಕಲ್ಲಿನ ಮುಖಕ್ಕೆ ಬೆಂಕಿ ಹಿಡಿದು ಒರಟು ಮಾಡಿಸುವಾಗಲೆಲ್ಲ ಅವರು ನಿಟ್ಟುಸಿರು ಬಿಡುತ್ತಾರೆ. "ಸರ, ಕಲ್ಲು ಅಂದ್ರ ಅದರಾಗ ನಮ್ಮ ಮಾರಿ ಕಾಣಬೇಕ್ರಿ. ರೊಕ್ಕಾ ಕೊಟ್ಟು ಖರಬರ ಕಲ್ಲು ಒಯ್ಯೋ ಮಂದಿನ್ನ ಇಲ್ಲೇ ನೋಡಿದ್ನಿ."

ಖರೆ ಹೇಳಬೇಕೆಂದರೆ ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಮನೆ ಕಟ್ಟಿಸಿದಾಗ ಬಚ್ಚಲಿಗೂ ಮುಖ ಕಾಣುವಂಥ ಪಾಲಿಶ್ ಕಲ್ಲು ಹಾಕಿಸಿದೆ. ವಾಸ್ತುಶಾಂತಿಗೆ ಲಕ್ಷ್ಮೇಶ್ವರದಿಂದ ಬಂದ ಬೀಗರು ದೇವರ ಮನೆ ಬಿಟ್ಟು ಮೊದಲು ಬಚ್ಚಲು ನೋಡಿ, "ಭಾರಿ ಮಾಡೀರಿ ಬಿಡ್ರಿ" ಅಂದರು. ನಾನು ಉಬ್ಬಿದೆ. ಮುಂದಿನ ವಾರವೇ ಅವ್ವ ಅಲ್ಲಿ ಜಾರಿ ನಳ ಹಿಡಿದಳು, ನಳ ಕಿತ್ತು ಕೈಗೆ ಬಂತು. ದೇವರ ದಯೆ, ಪೆಟ್ಟಾಗಲಿಲ್ಲ. ಆದರೆ ಅಂದಿನಿಂದ ಅವ್ವ ಆ ಬಚ್ಚಲಿಗೆ ಕಾಲಿಡಲಿಲ್ಲ. ಹಿತ್ತಲಲ್ಲಿ ಅರಿವೆ ಒಗೆಯುವ ಕಲ್ಲಿನ ಪಕ್ಕ ಸೀರೆ ಮರೆ ಕಟ್ಟಿಕೊಂಡು ಜಳಕ ಶುರುಮಾಡಿದಳು. ಎಪ್ಪತ್ತು ದಾಟಿದ ಜೀವ, ಮುಂಜಾನೆಯ ಗಾಳಿ. ಜೊತೆಗೆ ನನ್ನ ಮಾನವೂ ಹೋಗುತ್ತಿತ್ತು. "ಹೊಸಾ ಮನ್ಯಾಗ ಬಚ್ಚಲಾ ಕಟ್ಟಿಸಿಲ್ಲೇನ್ರಿ ನಿಮ್ಮ ಮಗಾ?" ಎಂದು ಪಕ್ಕದ ಮನೆಯಾಕೆ ಕೇಳಿದರೆ ಅವ್ವ, "ಕಟ್ಟಿಸ್ಯಾನವಾ, ನೋಡಾಕ" ಎನ್ನುತ್ತಿದ್ದಳು.

ಗೋಣಿಚೀಲ ಹಾಸಿದೆ, ಆಕೆ ಒಪ್ಪಲಿಲ್ಲ. ರಬ್ಬರ್ ಚಾಪೆ ತಂದೆ, ಅದನ್ನು ಬೆಕ್ಕಿಗೆ ಹಾಸಿದಳು. ಕೊನೆಗೆ ಅವ್ವನಿಗೆ ಕೆಮ್ಮು ಹತ್ತಿದಾಗ ಸೋತು, ಕಾರ್ಖಾನೆಯಲ್ಲಿ ಉಳಿದಿದ್ದ ಒರಟು ಕಲ್ಲು ಕೇಳಿದೆ. ಹುಸೇನಸಾಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮ ಅವ್ವಾರೂ ಯುರೋಪ್ ಮಂದೀನ ಏನ್ರಿ?" ಎಂದು ಕೇಳಿದರು. ಗೌಂಡಿಯನ್ನು ಕರೆಸಿ ಹೊಳೆಯುವ ಕಲ್ಲು ಕೀಳಿಸಿ, ಒರಟು ಕಲ್ಲು ಹಾಕಿಸಿದೆ. ಕೀಳುವ ಒಂದೊಂದು ಏಟಿಗೂ ಬೀಗರ ಮಾತು ನೆನಪಾಯಿತು.

ಕಲ್ಲು ಗಟ್ಟಿಯಾಗಿ ಕೂತ ಮೇಲೆ ಅವ್ವನನ್ನು ಕರೆದೆ. "ಇನ್ನ ಅಂಜಬ್ಯಾಡ. ಇದರ ಮ್ಯಾಲೆ ನೀರು ಹಾಕಿ, ರಬ್ಬರ್ ತುಂಡು ತಿಕ್ಕಿ ಪರೀಕ್ಷಾ ಮಾಡ್ಯಾರ. ಜಾರೂದಿಲ್ಲ ಅಂತ ಬರದೂ ಕೊಟ್ಟಾರ."

"ಬರದು ಕೊಟ್ಟಾವ್ರು ಯಾರು?"

"ನಾನ."

"ನೀರಾಗ ಇದರ ಮ್ಯಾಲೆ ನೀ ಯಾವಾಗರೆ ನಿಂತೀಯೇನು?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾವ ಯುರೋಪಿನವರೂ ನನಗೆ ಕೇಳಿರಲಿಲ್ಲ. ಅವ್ವ ಒಂದು ತಂಬಿಗೆ ನೀರು ಸುರುವಿ, "ಹಂಗಾರ ಮೊದಲ ನೀ ಕಾಲಿಡು" ಅಂದಳು.

ಕಾಣದ ಕಾಲುಗಳಿಗೆಲ್ಲ ಚಹಾ ಕುಡಿಯುತ್ತ ಸಹಿ ಹಾಕಿದವನು, ಪ್ಯಾಂಟು ಮಡಿಚಿ, ಒಂದು ಕೈಯಲ್ಲಿ ಗೋಡೆ, ಇನ್ನೊಂದು ಕೈಯಲ್ಲಿ ಅವ್ವನ ಹೆಗಲು ಹಿಡಿದು ನಿಂತೆ. ಜಾರಲಿಲ್ಲ.

"ಆತು, ಜಾರೂದಿಲ್ಲ. ಇನ್ನರೆ ನನ್ನ ಹೆಗಲ ಬಿಡು, ನಾ ಜಳಕಾ ಮಾಡಬೇಕು" ಅಂದಳು ಅವ್ವ. ನನಗೇ ಬಿಡಲು ಧೈರ್ಯ ಬರಲಿಲ್ಲ.